ಲಂಗದೊಳಗಿನ ಹಸಿರು

ಉಸಾಕೋಸ್ ಊರಿನ ಹೊರಗೆ, ಹೆದ್ದಾರಿ ಬದಿಯ ನಮ್ಮ ಕಲ್ಲಿನ ಸಂತೆಯಲ್ಲಿ ಒಟ್ಟೀಲಿಯೆ ಉಯಿರಸ್ ಎಂಬವಳ ಮೇಜು ನನ್ನ ಮೇಜಿಗೆ ಅಂಟಿಕೊಂಡೇ ಇದೆ. ಅವಳ ಬಾಯಿ ನನ್ನ ಕಿವಿಗೆ ಒಂದು ದಿನವೂ ರಜೆ ಕೊಟ್ಟಿಲ್ಲ. ಎರೊಂಗೊ ಬೆಟ್ಟ ಹತ್ತಿ, ಬಂಡೆಯ ಬಿರುಕಿಗೆ ಕೈಹಾಕಿ ನಾವೆಲ್ಲ ನೀಲಿ ಹರಳು, ಕಪ್ಪು ಹರಳು ತಂದರೆ, ಇವಳು ತರುವುದು ಕರಗಿ ಹೆಪ್ಪುಗಟ್ಟಿದ ಮೇಣದಂಥ ಕಲ್ಲು. ಬಿಸಿಲಲ್ಲಿ ಅದಕ್ಕೆ ಕಳೆಯೇ ಇಲ್ಲ. ಕತ್ತಲಲ್ಲಿಟ್ಟು ನೇರಳೆ ದೀಪ ಹಿಡಿದರೆ ಮಾತ್ರ ಎಳೆ ಹುಲ್ಲಿನ ಹಸಿರಾಗಿ ಬೆಳಗುತ್ತದೆ. ಒಳಗೆ ಇಷ್ಟೇ ಇಷ್ಟು ಯುರೇನಿಯಂ ಇದೆ. ಅತ್ತ ಮರಳುಗಾಡಿನ ದೊಡ್ಡ ಗಣಿಗಳಲ್ಲಿ ಅಗೆಯುವುದೂ ಅದನ್ನೇ.

ಸುಡುವ ಮಧ್ಯಾಹ್ನದಲ್ಲಿ ಕತ್ತಲು ಎಲ್ಲಿಂದ ತರುವುದು? ಚರ್ಚಿಗೆ ತೊಡುತ್ತಿದ್ದ ತನ್ನ ಹಳೆಯ ಅಗಲ ಲಂಗವನ್ನೇ ಅವಳು ಮೇಜಿನ ಮೇಲೆ ಗುಡಾರದಂತೆ ಕಟ್ಟಿದಳು.

"ಬನ್ನಿ, ನಾಚ್ಕೋಬೇಡಿ, ನನ್ನ ಲಂಗದೊಳಗೆ ತಲೆ ಹಾಕಿ!"

ಲಾರಿಯವರು ಕೇಳಿದ್ದೇ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಪಾದ್ರಿಯೊಬ್ಬರು ಮಾತ್ರ ಹೆಂಡತಿಯ ಅಪ್ಪಣೆ ಪಡೆದು ತಲೆ ಹಾಕಿದರು, ಕಲ್ಲನ್ನೂ ಕೊಂಡರು.

ವ್ಯಾಪಾರ ಕುದುರುತ್ತಿದ್ದಂತೆ ಗುಸುಗುಸು ಎದ್ದಿತು: ಕಲ್ಲಿಗೆ ಬಣ್ಣ ಬಳಿದಿದ್ದಾಳಂತೆ. ನಮ್ಮಲ್ಲಿ ಬಣ್ಣ ಬಳಿದವಳು ಮೇಜು ಬಿಡಬೇಕು. ಒಬ್ಬಳ ಮೋಸಕ್ಕೆ ಎಲ್ಲರ ಗಿರಾಕಿಗಳೂ ಹೋಗುತ್ತಾರೆ. ಸಂತೆಯ ಹಿರಿಯಜ್ಜಿ ಎಮ್‌ಗಾರ್ಡ್, ನಮಗೆಲ್ಲ ಓಮಾ, ಕೋಲೂರಿಕೊಂಡು ಬಂದರು.

"ಏನೇ, ಬಣ್ಣ ಎಲ್ಲಿಂದ ತಂದೆ?"

"ದೇವರನ್ನ ಕೇಳಿ ಓಮಾ, ಬಳಿದೋನು ಅವನೇ."

"ನಾಲಿಗೆ ಉದ್ದ ಆಯ್ತು ನಿಂದು. ತೋರಿಸು, ಇಲ್ಲಾಂದ್ರೆ ಇವತ್ತೇ ಮೇಜು ಎತ್ತು."

ಒಟ್ಟೀಲಿಯೆಯ ಮುಖದಲ್ಲಿದ್ದ ನಗು ಇಂಗಿತು. ಆ ಮೇಜು ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ. ಸುತ್ತಿಗೆ ತೆಗೆದುಕೊಂಡು, ದೊಡ್ಡ ಗಿರಾಕಿಗೆಂದು ಜೋಪಾನ ಮಾಡಿದ್ದ ಅತಿ ದೊಡ್ಡ ಕಲ್ಲನ್ನೇ ಎಳೆದಳು.

"ಅಯ್ಯೋ ಹುಚ್ಚಿ, ಚಿಕ್ಕದು ಒಡಿಯೇ!" ಎಂದು ಕಿರುಚಿದವಳು ನಾನೇ.

"ಚಿಕ್ಕದು ಒಡೆದ್ರೆ, ದೊಡ್ಡದಕ್ಕೆ ಬಳಿದಿದಾಳೆ ಅಂತೀರ" ಎಂದವಳೇ ಕುಟ್ಟಿದಳು.

ಒಡೆದ ಹೋಳುಗಳ ಜೊತೆ ಓಮಾ, ಒಟ್ಟೀಲಿಯೆ ಇಬ್ಬರ ತಲೆಯೂ ಲಂಗದೊಳಗೆ ಹೋಯಿತು.

"ಓಮಾ, ಏನಾಯ್ತು?" ಎಂದೆ.

"ಸುಮ್ನಿರ್ರೇ, ನೋಡ್ತಿದೀನಿ!"

ಬಹಳ ಹೊತ್ತಾದ ಮೇಲೆ ಓಮಾ ತಲೆವಸ್ತ್ರ ವಾರೆಯಾಗಿ ಹೊರಬಂದರು. ಕೈಯಲ್ಲಿ ಒಂದು ಹೋಳು. "ಒಳಗಿನ ತನಕ ಹಸಿರೇ" ಎಂದು ಇಡೀ ಸಂತೆಗೆ ಕೇಳುವಂತೆ ಹೇಳಿದರು. ಆಮೇಲೆ ಯಾರಿಗೂ ಮಾರದೆ ಇಟ್ಟುಕೊಂಡಿದ್ದ ತಮ್ಮ ನೀಲಿ ಹರಳನ್ನು ತಂದು ಒಟ್ಟೀಲಿಯೆಯ ಮುಂದಿಟ್ಟರು. ಹೋಳನ್ನು ಮಾತ್ರ ವಾಪಸು ಕೊಡಲಿಲ್ಲ.

ಒಟ್ಟೀಲಿಯೆ ಅಳುತ್ತಳುತ್ತಲೇ ನಕ್ಕಳು. "ನಿಮ್ಮತ್ರ ದೀಪ ಇಲ್ಲ, ಲಂಗ ಕಟ್ಟೋಕೆ ಬರಲ್ಲ. ಅದನ್ನ ಹೆಂಗೆ ನೋಡ್ತೀರಾ ಓಮಾ?"

"ದಿನಾ ಇಲ್ಲಿಗೇ ಬರ್ತೀನಿ. ಈ ಮೇಜು ಇಲ್ಲಿಂದ ಅಲ್ಲಾಡಕೂಡದು."