ಮೇಸ್ತ್ರಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ ದಿನ

ಪರ್ಕಳದ ನನ್ನ ಗ್ಯಾರೇಜಿಗೆ ಆ ಕೆಂಪು ಕಾರು ಬಂದ ದಿನ ನನಗೆ ಹಬ್ಬ. ಮೇಲಿನ ಹುಡ್ ಮಡಚಿಡುವ ಹಳೆಯ ವಿದೇಶಿ ಕಾರು, ಕಾಪುವಿನ ಒಬ್ಬರದ್ದು. ಅವರು ಗಲ್ಫಿನಿಂದ ಮರಳಿದ ಮೇಲೆ ಅದನ್ನು ಕಾರ್ಕಳದ ಒಬ್ಬ ಗ್ಯಾರೇಜ್ ಮೇಸ್ತ್ರಿಗೆ ಕೊಟ್ಟು ಹೊಸದರಂತೆ ಮಾಡಿಸಿದ್ದರು. ಮಗಳ ಮದುವೆಯ ದಿನ ಮದುಮಕ್ಕಳು ಇಗರ್ಜಿಯಿಂದ ಅದರಲ್ಲೇ ಹೊರಡಬೇಕೆಂಬುದು ಅವರ ಆಸೆ. ಬಣ್ಣದಲ್ಲಿ ಮುಖ ಕಾಣುತ್ತಿತ್ತು. ಬಾಗಿಲು ಮಾತ್ರ ಕೂರುತ್ತಿರಲಿಲ್ಲ. ಬೀಚಿನ ರಸ್ತೆಯ ತಿರುವಿನಲ್ಲಿ ಎಡ ಬಾಗಿಲು ತಾನಾಗಿಯೇ ತೆರೆದು ಮದುಮಗಳ ಅಮ್ಮ ಬೀಳುವುದೊಂದು ಬಾಕಿ. ಎಲ್ಲಿಯಾದರೂ ಸರಿ ಮಾಡಿಸಿಕೊಂಡು ಬಾ ಎಂದು ಅವರು ಮೇಸ್ತ್ರಿಯನ್ನೇ ಅಟ್ಟಿದ್ದರು. ಕಾರ್ಕಳದಿಂದ ಉಡುಪಿಯವರೆಗೆ ಯಾರೂ ಕೈ ಹಾಕಲಿಲ್ಲ. ಕೊನೆಗೆ ಮೇಸ್ತ್ರಿ ಬಂದದ್ದು ನನ್ನ ಅಂಗಳಕ್ಕೆ. ಹಬ್ಬ ಅದಕ್ಕೆ.

ಅವರನ್ನು ನಾನು ಈಗಲೂ ಬಹುವಚನದಲ್ಲಿ ಬರೆಯುತ್ತೇನೆ. ಅದು ಅಭ್ಯಾಸ, ಗೌರವವಲ್ಲ.

ತಗಡಿನ ಕೆಲಸ ಕಲಿತದ್ದು ನಾನು ಅವರ ಗ್ಯಾರೇಜಿನಲ್ಲೇ. ಒಮ್ಮೆ ಮಣಿಪಾಲದಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಅಲ್ಲಿ ನಿಲ್ಲಿಸಿದ ನಮ್ಮ ಕಾರಿನ ಬಾಗಿಲುಗಳನ್ನು ಪೂರ್ತಿ ನಾನೇ ಕೂರಿಸಿದ್ದೆ. ನೋಡಿದವರು ತೆರೆದು ಮುಚ್ಚಿ, ತೆರೆದು ಮುಚ್ಚಿ, ಇದು ಯಾರ ಕೈ ಎಂದು ಕೇಳುತ್ತಿದ್ದರು. ಮೇಸ್ತ್ರಿ ಎದೆಯುಬ್ಬಿಸಿ ನಿಂತು ‘ನನ್ನದೇ’ ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಪಕ್ಕದಲ್ಲಿದ್ದ ನನ್ನನ್ನು ಯಾರೋ ತೋರಿಸಿ ಇವರು ಯಾರು ಎಂದಾಗ, ‘ಅವನಾ? ಗಾಡಿ ತೊಳೆಯುವ ಜನ’ ಎಂದುಬಿಟ್ಟರು. ನನಗೆ ಮದುವೆಗೆಂದು ಮಾತಾಡಿದ್ದ ಹುಡುಗಿಯ ಅಪ್ಪ ಆ ದಿನ ಉಚ್ಚಿಲದಿಂದ ನನ್ನ ಕೆಲಸ ನೋಡಲೆಂದೇ ಬಂದಿದ್ದರು. ಅವರೂ ಕೇಳಿಸಿಕೊಂಡರು. ಸಂಬಂಧ ಅಲ್ಲಿಗೇ ಮುರಿಯಿತು. ಆಮೇಲೆ ನನಗೆ ಬೇರೆ ಒಳ್ಳೆಯ ಸಂಸಾರವೇ ಆಯಿತು, ಆದರೆ ಆ ಲೆಕ್ಕ ಬೇರೆ, ಈ ಲೆಕ್ಕ ಬೇರೆ.

ಕಾರಿನ ಅಡಿಗೆ ಮಲಗಿ ನೋಡಿದ ಕೂಡಲೇ ಅವರ ತಪ್ಪು ಸಿಕ್ಕಿತು. ಉಪ್ಪುಗಾಳಿಗೆ ಬಾಗಿಲ ಕೆಳಗಿನ ಉದ್ದ ಪಟ್ಟಿಗಳು ತುಕ್ಕು ಹಿಡಿದಿದ್ದವು. ಅವನ್ನು ಕತ್ತರಿಸಿ ಹೊಸ ತಗಡು ಹಾಕಿದ್ದರು. ಮೇಲೆ ಛಾವಣಿ ಇರುವ ಕಾರು ಅಂಥ ಕೆಲಸವನ್ನು ಹೇಗೋ ತಡೆದುಕೊಳ್ಳುತ್ತದೆ, ಛಾವಣಿಯೇ ಅದನ್ನು ಹಿಡಿದಿಡುತ್ತದೆ. ತೆರೆದ ಕಾರಿಗೆ ಅಡಿಯ ಪಟ್ಟಿಯೇ ಬೆನ್ನುಮೂಳೆ. ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಪೈಪ್ ಬೆಸೆಯದಿದ್ದರೆ ನಡು ಕುಸಿಯುತ್ತದೆ. ಜೀವಮಾನವಿಡೀ ಅಂಬಾಸಿಡರ್ ಮಾಡಿದ ಕೈ, ಪೈಪ್ ಹಾಕಿರಲಿಲ್ಲ. ನಡು ತಗ್ಗಿದ ಮೇಲೆ ಬಾಗಿಲ ಅಂಚನ್ನು ಬಡಿದು, ತಿರುಗಣಿಗೆ ವಾಷರ್ ತುರುಕಿ ಕಣ್ಕಟ್ಟು ಮಾಡಿದ್ದರು.

‘ಎಂತ ಕಾಣ್ತದೆ?’ ಎಂದು ಮೇಲಿನಿಂದ ಕೇಳಿದರು.

‘ನಿಮಗೆ ಗೊತ್ತುಂಟಲ್ಲ’ ಎಂದೆ.

ಬೆಸುಗೆ ಬಿಡಿಸಿದೆ. ನಡುವಿಗೆ ಜ್ಯಾಕ್ ಕೊಟ್ಟು ಕೂದಲೆಳೆಯಷ್ಟೇ ಮೇಲೆತ್ತುತ್ತಾ ಬಾಗಿಲ ಸಂದು ಮೇಲೆ ಕೆಳಗೆ ಒಂದೇ ಸಮ ಬರುವಂತೆ ಮಾಡಿದೆ. ಪೈಪ್ ಬೆಸೆದು, ಪಟ್ಟಿಯನ್ನು ಮರಳಿ ಕೂರಿಸಿ, ಆಮೇಲೆ ಪೈಪ್ ಕತ್ತರಿಸಿ ತೆಗೆದೆ. ಇದಕ್ಕೆಲ್ಲ ಒಂದು ವಾರ ಹಿಡಿಯಿತು. ಉಳಿದದ್ದು ತಿರುಗಣಿ ಮತ್ತು ಬೀಗದ ಕೊಂಡಿಯ ಹೊಂದಾಣಿಕೆ. ತೆರೆದ ಕಾರಿನಲ್ಲಿ ಅದನ್ನು ಜ್ಯಾಕ್ ತೆಗೆದು, ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗ, ಒಳಗೆ ಜನರ ಭಾರವಿಟ್ಟುಕೊಂಡೇ ಮಾಡಬೇಕು. ಕಾರನ್ನು ರಸ್ತೆಗೆ ಮುಖ ಮಾಡಿ ಅಂಗಳದಲ್ಲಿ ನಿಲ್ಲಿಸಿ ಮೇಸ್ತ್ರಿಗೆ ಹೇಳಿ ಕಳಿಸಿದೆ.

‘ಹಿಂದಿನ ಸೀಟಿನಲ್ಲಿ ಭಾರ ಬೇಕು. ನೀವೇ ಬಂದು ಕುಳಿತುಕೊಳ್ಳಿ.’

ಬಂದರು, ಕುಳಿತರು. ಹುಡ್ ಮಡಚಿಟ್ಟಿದ್ದೆ, ಬಿಸಿಲು ನೇರ ನೆತ್ತಿಗೆ. ಮಣಿಪಾಲದ ಬಸ್ಸುಗಳು ನಿಂತು ಹೋಗುವ ಜಾಗ ಅದು, ಇಳಿದವರೆಲ್ಲ ತಿರುಗಿ ನೋಡುತ್ತಿದ್ದರು. ನಾನು ಹಳೆಯ ಎಟಿಎಂ ಕಾರ್ಡೊಂದನ್ನು ಸಂದಿನಲ್ಲಿ ಮೇಲಿನಿಂದ ಕೆಳಗೆ ಎಳೆಯುವುದು, ಎಲ್ಲಿ ಸಿಕ್ಕಿಬೀಳುತ್ತದೆ ನೋಡುವುದು, ಬೋಲ್ಟ್ ಸಡಿಲಿಸುವುದು, ಬಿಗಿಯುವುದು. ಬೇಕೆಂದೇ ನಿಧಾನ ಮಾಡಿದೆ. ಅವರು ಎದ್ದು ನಿಲ್ಲಲು ನೋಡಿದಾಗ ‘ಅಲ್ಲಾಡಬೇಡಿ, ಅಳತೆ ಹೋಗ್ತದೆ’ ಎಂದು ಗದರಿದೆ. ಗದರುವಾಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ.

ಮಲ್ಪೆಯಿಂದ ಮೀನು ತರುವವನು ಸ್ಕೂಟರ್ ನಿಲ್ಲಿಸಿ, ‘ಎಂತ ಮೇಸ್ತ್ರಿ, ಮದುಮಗನ ಹಾಗೆ ಕೂತಿದ್ದೀರಿ? ಕೆಲಸ ನಿಮ್ಮದಲ್ವಾ?’ ಎಂದ.

‘ಅವರು ಬರೀ ಭಾರಕ್ಕೆ ಇರುವುದು ಮಾರಾಯ’ ಎಂದೆ, ಬಸ್ ಸ್ಟಾಪಿಗೂ ಕೇಳುವ ಹಾಗೆ.

ಮೇಸ್ತ್ರಿ ತಲೆ ತಗ್ಗಿಸದೆ ರಸ್ತೆ ನೋಡುತ್ತಾ ಕೂತರು.

ಸಂಜೆಯ ಹೊತ್ತಿಗೆ ಕಾರ್ಡು ಎಲ್ಲೂ ತಡೆಯದೆ ಜಾರಿತು. ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದೆ. ಅದು ಸದ್ದೇ ಇಲ್ಲದಂತೆ ಹೋಗಿ ಕೂತಿತು. ಮೇಸ್ತ್ರಿ ಸೊಂಟ ಹಿಡಿದುಕೊಂಡು ಇಳಿದು, ಅದನ್ನು ತೆರೆದು ಮುಚ್ಚಿ ನೋಡಿದರು.

‘ಎರಡು ಮರಳಿನ ಚೀಲ ಇಟ್ಟಿದ್ದರೂ ಸಾಕಿತ್ತು, ಅಲ್ವಾ?’ ಎಂದರು.

ನಾನು ಪೆಚ್ಚಾದೆ. ‘ಗೊತ್ತಿದ್ದೂ ಯಾಕೆ ಕುಳಿತಿರಿ?’

‘ನೀನು ಇಳಿ ಅನ್ನುವವರೆಗೆ ಕೂರುವುದು ಅಂತ ಮನೆಯಿಂದಲೇ ನಿಶ್ಚಯ ಮಾಡಿ ಬಂದದ್ದು. ನಿನಗೆ ನಾನು ಮಾಡಿದ್ದು ನನಗೆ ನೆನಪುಂಟು. ಕಾಪುವಿನವರಿಗೆ ಹೇಳ್ತೇನೆ, ಇದು ನೀನು ಮಾಡಿದ್ದು ಅಂತ. ಮದುವೆಯಲ್ಲಿ ಎಲ್ಲರ ಎದುರು ಹೇಳ್ತೇನೆ.’

ಮೈ ಉರಿಯಿತು. ಇಡೀ ದಿನ ನಾನು ಕೊಟ್ಟೆ ಎಂದುಕೊಂಡ ಶಿಕ್ಷೆಯನ್ನು ಈ ಮನುಷ್ಯ ತಾನಾಗಿಯೇ ತೆಗೆದುಕೊಂಡು, ಹಗುರಾಗಿ ಕಾರ್ಕಳಕ್ಕೆ ಹೊರಟಿದ್ದರು! ಅಷ್ಟು ಸುಲಭಕ್ಕೆ ಬಿಡುವವನು ನಾನಲ್ಲ.

‘ಬೇಡ’ ಎಂದೆ. ‘ನಾನು ಮುಟ್ಟಲೇ ಇಲ್ಲ ಅಂತ ಹೇಳಿ. ನೀವೇ ಮಾಡಿದ್ದು. ಯಾರು ಹೊಗಳಿದರೂ ಹೌದು ಅನ್ನಬೇಕು. ನನಗೆ ಬೇರೆ ಮಜೂರಿ ಬೇಡ, ಇದೊಂದೇ.’

ಬಿಸಿಲಿಗೆ ಬಾಡದ ಮುಖ ಆಗ ಬಾಡಿತು. ‘ಹಾಗೆ ಮಾಡಬೇಡ ಮಾರಾಯ’ ಎಂದರು. ನಾನು ಕೈ ತೊಳೆಯಲು ಹೋದೆ.

ಮದುವೆಗೆ ನನಗೂ ಕರೆ ಬಂದಿತ್ತು. ಇಗರ್ಜಿಯ ಅಂಗಳದಲ್ಲಿ ಮದುಮಗಳು ಕಾರು ಹತ್ತಿದಾಗ ಅವಳ ಅಪ್ಪ ಬಾಗಿಲು ಮುಚ್ಚಿದರು. ಅದು ಕೂತ ರೀತಿಗೆ ಅವರ ಕಣ್ಣು ತುಂಬಿತು. ಮೇಸ್ತ್ರಿಯ ಎರಡೂ ಕೈ ಹಿಡಿದು, ‘ಇಂಥ ಕೈ ಈ ಜಿಲ್ಲೆಯಲ್ಲೇ ಇಲ್ಲ’ ಎಂದು ನೆಂಟರನ್ನೆಲ್ಲ ಕರೆದು ತೋರಿಸಿದರು. ಒಬ್ಬೊಬ್ಬರೇ ಬಂದು ಕೈ ಕುಲುಕಿದರು. ಮೇಸ್ತ್ರಿ ಗುಂಪಿನ ನಡುವಿನಿಂದ ನನ್ನನ್ನು ಹುಡುಕಿ, ಸಾಕು ಎನ್ನುವಂತೆ ನೋಡಿದರು. ನಾನು ‘ಹೇಳಿ’ ಎಂದು ತಲೆಯಾಡಿಸಿದೆ.

‘ಹೌದು, ನಾನೇ ಮಾಡಿದ್ದು’ ಎಂದರು. ಹಿಂದೆ ನಿಂತವರಿಗೆ ಕೇಳಿಸದೆ, ಇನ್ನೊಮ್ಮೆ ಹೇಳಬೇಕಾಯಿತು.