ಅಳದೇ ಇದ್ದ ಹುಡುಗಿ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೊಂಬಾಯಿಯಲ್ಲಿ ಫಿಜಿಯೋಥೆರಪಿ ಪಾಠ ಮುಗಿಸಿ, ಆರು ತಿಂಗಳ ತರಬೇತಿಗೆಂದು ಮೈಸೂರಿನ ಒಂದು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬಂದಿದ್ದೆ. ಫಿಜಿಯೋಥೆರಪಿ ಎಂಬ ಹೆಸರು ನಮ್ಮ ಚಾಮರಾಜಪುರಂ ಬೀದಿಯಲ್ಲಿ ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ಅಕ್ಕಪಕ್ಕದವರು ಕೇಳಿದರೆ ಅಮ್ಮ, "ಕಾಲು ಬಾರದ ಮಕ್ಕಳಿಗೆ ನಡೆಯೋದು ಕಲಿಸ್ತಾಳೆ ಕಣ್ರೀ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಒಳಗೆ ಹೋಗಿಬಿಡುತ್ತಿದ್ದೆ. ಅಲ್ಲಿಯವರೆಗೆ ನಾನು ಯಾರಿಗೂ ನಡೆಯುವುದನ್ನು ಕಲಿಸಿರಲಿಲ್ಲ.

ಪುಸ್ತಕದಲ್ಲಿ ನಾನು ಓದಿದ್ದ ಕಾಲುಗಳು ಅಳುತ್ತಿರಲಿಲ್ಲ. ಇಲ್ಲಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಪೋಲಿಯೋ ಬಡಿದ ಮಕ್ಕಳು. ಬೆರಳುಗಾತ್ರದ ಮೂಳೆ, ತಣ್ಣಗಿನ ಪಾದ. ಮಂಡಿ ಮಡಿಸುವಾಗ ಎಲ್ಲಿ ಮುರಿದುಬಿಡುತ್ತೇನೋ ಎಂದು ಹೆದರುತ್ತಿದ್ದೆ. ಮಗು ಚೀರಿದರೆ ನಾನು ಕೈ ಬಿಟ್ಟುಬಿಡುತ್ತಿದ್ದೆ. ನನಗೆ ಕಲಿಸುತ್ತಿದ್ದ ಮೇಡಂ ಐವತ್ತರ ಆಸುಪಾಸಿನವರು, ಮಾತು ಕಡಿಮೆ. "ಅಳೋ ಮಗೂಗೆ ಹೆದರಬೇಡ. ಅದು ನಿನಗೆ ದಾರಿ ಹೇಳ್ತಾ ಇರುತ್ತೆ" ಎಂದು ಮೊದಲ ವಾರವೇ ಹೇಳಿದ್ದರು.

ಜಗುಲಿಯ ಕೊನೆಯ ಕೋಣೆ ನಮ್ಮದು. ಮೂಲೆಯ ಸೀಮೆಎಣ್ಣೆ ಸ್ಟೌವಿನ ಮೇಲೆ ದೊಡ್ಡ ಪಾತ್ರೆ, ಅದರಲ್ಲಿ ಕುದಿಯುವ ಕಂಬಳಿ ತುಂಡುಗಳು. ಅವನ್ನು ಇಕ್ಕಳದಲ್ಲಿ ಎತ್ತಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಂಡಿ, ಬಿಗಿದ ಸ್ನಾಯುಗಳ ಮೇಲೆ ಹಾಕುವುದು ನನ್ನ ಕೆಲಸ. ಬಿಸಿ ಹೆಚ್ಚಾದರೆ ಮಕ್ಕಳು ಕಿರುಚುತ್ತಿದ್ದರು, ತಕ್ಷಣ ತೆಗೆಯುತ್ತಿದ್ದೆ. ಎರಡು ತಿಂಗಳಲ್ಲಿ ಆ ಕಿರುಚಾಟವೇ ನನಗೆ ಅಳತೆಗೋಲಾಗಿಬಿಟ್ಟಿತ್ತು.

ಆಗ ಊರಂಚಿನ ಕೆಸರೆಯಿಂದ ಏಳು ವರ್ಷದ ಹುಡುಗಿಯೊಬ್ಬಳು ಬಂದಳು. ಬೆನ್ನುಮೂಳೆಗೆ ಕ್ಷಯ ತಗುಲಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ದಿನ ಬಿಟ್ಟು ದಿನ ತಾಯಿ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಿದ್ದರು, ಹಿಂದೆ ಅಜ್ಜಿ, ತಾಯಿಯ ಅತ್ತೆ. ಸೊಪ್ಪು ಬೆಳೆದು ಪೇಟೆಗೆ ಹಾಕುವ ಮನೆಯವರು. ಅವರು ನನ್ನನ್ನು ಡಾಕ್ಟ್ರವ್ವ ಎನ್ನುತ್ತಿದ್ದರು. ಎರಡು ಸಲ ತಿದ್ದಿ ಸುಮ್ಮನಾದೆ.

ಅವಳನ್ನು ಮೇಡಂ ತಾವೇ ನೋಡಿಕೊಳ್ಳುತ್ತಿದ್ದರು, ಒಂದು ದಿನ ಮಾತ್ರ ವಾರ್ಡಿಗೆ ಹೋಗಬೇಕಾಗಿ ಬಂತು. "ಆ ಹುಡುಗಿಯ ಹಿಮ್ಮಡಿ ಎಳೆದು ಸಡಿಲ ಮಾಡು" ಎಂದಷ್ಟೇ ನನಗೆ ಹೇಳಿದ್ದರು. ಮೀನಖಂಡ ಕಲ್ಲಿನಂತೆ ಬಿಗಿದಿತ್ತು. ಎಲ್ಲ ಮಕ್ಕಳಿಗೂ ಮಾಡುವಂತೆ ಮೊದಲು ಬಿಸಿ ಕಂಬಳಿ ಸುತ್ತಿದೆ. ಹುಡುಗಿ ಕಿಟಕಿಯಾಚೆ ಅಳಿಲು ನೋಡುತ್ತಾ ಏನೋ ಗುನುಗುತ್ತಿದ್ದಳು. ಎಷ್ಟು ಜಾಣೆ, ಎಷ್ಟು ಧೈರ್ಯ ಎಂದುಕೊಂಡು ಇನ್ನಷ್ಟು ಹೊತ್ತು ಹಾಗೇ ಬಿಟ್ಟೆ.

ತೆಗೆದಾಗ ಚರ್ಮ ಕೆಂಪಗಿತ್ತು. ಬೆರಳಿಂದ ಒತ್ತಿದೆ, ಆ ಕೆಂಪು ಬಿಳಿಚಲಿಲ್ಲ, ಸುಟ್ಟಿತ್ತು. ಹುಡುಗಿ ಇನ್ನೂ ಅಳಿಲನ್ನೇ ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು: ಪೋಲಿಯೋ ಕಾಲಿಗೆ ಬಲವಿಲ್ಲದಿದ್ದರೂ ಬಿಸಿ ತಿಳಿಯುತ್ತದೆ, ಈ ಕಾಲಿಗೆ ಏನೂ ತಿಳಿಯುವುದಿಲ್ಲ. ಪರೀಕ್ಷೆಗೆ ಉರುಹೊಡೆದಿದ್ದ ಪಾಠ ಅದು. ಲಂಗ ಕೆಳಗೆಳೆದು, "ಇವತ್ತಿಗೆ ಸಾಕು" ಎಂದು ತಾಯಿಗೆ ಒಪ್ಪಿಸಿದೆ. ಮೇಡಂ ಬಂದು "ಆಯ್ತಾ?" ಎಂದಾಗ "ಆಯ್ತು" ಎಂದೆ.

ರಾತ್ರಿ ಮನೆಯಲ್ಲಿ, ಕೆಂಪು ತಾನಾಗಿ ಇಳಿಯುತ್ತದೆ ಎಂದು ಒಮ್ಮೆ, ಕಾಲನ್ನೇ ಕತ್ತರಿಸಬೇಕಾಗುತ್ತದೆ ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು. ನನ್ನನ್ನು ಓಡಿಸುತ್ತಾರೆ ಎಂದೂ ಅನ್ನಿಸಿತು. ಆ ಹೆದರಿಕೆಯೇ ಮಿಕ್ಕೆಲ್ಲಕ್ಕಿಂತ ಜೋರಾಗಿತ್ತು ಎನ್ನಲು ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಅವರ ಸರದಿ ಇರಲಿಲ್ಲ. ಆದರೂ ನಾನು ಹೋಗುವಷ್ಟರಲ್ಲಿ ಜಗುಲಿಯಲ್ಲಿದ್ದರು. ಮೀನಖಂಡದ ಮೇಲೆ ಅಂಗೈಯಗಲದ ನೀರುಗುಳ್ಳೆ. ತಾಯಿ ಮೇಡಂ ಎದುರು ನಿಂತು ಅತ್ತೆಯ ಕಡೆ ಕೈ ತೋರಿಸುತ್ತಿದ್ದರು.

"ಇವ್ರೇ ಕಣ್ರವ್ವ ಮಾಡಿದ್ದು. ರಾತ್ರಿ ಹರಳೆಲೆ ಬಿಸಿ ಮಾಡಿ ಕಟ್ಟವ್ರೆ. ಬ್ಯಾಡ ಅಂದ್ರೂ ಕೇಳ್ನಿಲ್ಲ."

ಅಜ್ಜಿ ಕಂಬಕ್ಕೊರಗಿ ನೆಲದ ಮೇಲೆ ಕೂತಿದ್ದರು. "ಒಸಿ ಬಿಸಿ ಅಷ್ಟೇಯ. ನನ್ ಕೆನ್ನೆಗಿಟ್ಟು ನೋಡೇ ಕಟ್ದೆ" ಎಂದರು. ಆಮೇಲೆ ತಮಗೆ ತಾವೇ, "ನನ್ ಕೈಯಾರೆ ಸುಟ್ಬುಟ್ನಲ್ಲ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮೇಡಂ ಗುಳ್ಳೆಯನ್ನು ಬಗ್ಗಿ ನೋಡಿದರು. ಅದರ ಒಂದು ಅಂಚು ಗೆರೆ ಎಳೆದಷ್ಟು ನೇರವಾಗಿತ್ತು, ಕತ್ತರಿಸಿದ ಕಂಬಳಿಯ ಅಂಚಿನ ಹಾಗೆ. ಎಲೆಗೆ ಅಂಥ ಅಂಚು ಇರುವುದಿಲ್ಲ. ಅವರಿಗೆ ಅದು ಕಂಡಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬಾಗಿಲಿನ ಚೌಕಟ್ಟು ಹಿಡಿದು ನಿಂತೆ. ಅಜ್ಜಿ ಒಮ್ಮೆ ತಲೆಯೆತ್ತಿ, "ನೀವಾರ ಒಸಿ ಔಸ್ದ ಹಾಕಿ ಡಾಕ್ಟ್ರವ್ವ" ಎಂದರು.

"ಮೇಡಂ, ಸುಟ್ಟಿದ್ದು ನಾನು" ಎಂದೆ. "ನಿನ್ನೆ ಬಿಸಿ ಕಂಬಳಿ ಹಾಕಿದೆ. ಕಾಲಿಗೆ ಸ್ಪರ್ಶ ಇದೆಯಾ ಅಂತ ನೋಡಲಿಲ್ಲ."

"ತೆಗೆದಾಗ ಕೆಂಪಗಿತ್ತಾ?"

"ಇತ್ತು."

"ನನಗ್ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

ಮೇಡಂ ಗುಳ್ಳೆಯ ಮೇಲೆ ಶುಭ್ರ ಬಟ್ಟೆ ಮುಚ್ಚಿದರು. "ಸುಟ್ಟಿದ್ದು ತಿಳೀದೆ ಆದ ತಪ್ಪು. ಮುಚ್ಚಿಟ್ಟಿದ್ದು ತಿಳಿದೂ ಮಾಡಿದ ತಪ್ಪು" ಎಂದು ಡಾಕ್ಟರನ್ನು ಕರೆಯಲು ಹೊರಟರು.

ತಾಯಿ ನನ್ನನ್ನು ಬೈಯಲಿಲ್ಲ. ಮೊದಲು ಅತ್ತೆಯ ರಟ್ಟೆ ಹಿಡಿದು, "ಏಳಿ ಅತ್ತೆ, ಬೆಂಚ್ ಮ್ಯಾಲೆ ಕೂತ್ಕಳಿ" ಎಂದು ಎಬ್ಬಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ಮ್ಯಾಕೆ ನನ್ ಮಗೀನ ನೀವು ಮುಟ್ಬ್ಯಾಡಿ" ಎಂದರು.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನವೂ ಡ್ರೆಸಿಂಗ್ ಬಿಚ್ಚುವಾಗ ನಾನು ಮೂರು ಮಾರು ದೂರ ನಿಂತು, ಕೀವಿನ ವಾಸನೆ ಬರುತ್ತದೇನೋ ಎಂದು ಮೂಗರಳಿಸುತ್ತಿದ್ದೆ. ಮೇಡಂ ನನ್ನ ತರಬೇತಿಗೆ ಎರಡು ತಿಂಗಳು ಸೇರಿಸಿದರು. ಹೊಸದಾಗಿ ಬಂದ ಪ್ರತಿ ಮಗುವಿನ ಕಣ್ಣು ಮುಚ್ಚಿಸಿ, ಸೂಜಿ ಮತ್ತು ಹತ್ತಿಯಿಂದ ಅಂಗುಲ ಅಂಗುಲ ಮುಟ್ಟಿ ನೋಡಿ ಬರೆದಿಡುವುದು ನನ್ನ ಪಾಲಿಗೆ ಬಂತು. ಬರೆದ ಮೇಲೂ ನಂಬಿಕೆ ಸಾಲದೆ ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದೆ.

ಗಾಯ ಮಾಯ್ದ ಮೇಲೆ ಒಂದು ದಿನ ಮೇಡಂ ಜ್ವರ ಬಂದು ರಜೆಯಲ್ಲಿದ್ದರು. ಕೆಸರೆಯ ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ಬಹಳ ಹೊತ್ತು ಕಾದರು. ವಾಪಸು ಹೊರಟು, ಮತ್ತೆ ಒಳಗೆ ಬಂದು ಮಗುವನ್ನು ಮಂಚದ ಮೇಲೆ ಕೂರಿಸಿದರು.

"ಬಿಸಿ ಬ್ಯಾಡ."

"ಇಲ್ಲಮ್ಮ. ಬರೀ ಕೈಯಲ್ಲೇ ಮಾಡ್ತೀನಿ."

ಹಿಮ್ಮಡಿ ಹಿಡಿದೆ. ಬೆರಳು ನಡುಗುತ್ತಿತ್ತು, ಅವರಿಗೂ ಕಂಡಿತು. "ನಡುಗ್ಲಿ ಬುಡಿ. ಮೆಲ್ಲಗ್ ಮಾಡಿ" ಎಂದು ಮಗುವಿನ ತಲೆ ಹತ್ತಿರ ಕೂತರು. ಮುಗಿಯುವವರೆಗೂ ಅವರ ಕಣ್ಣು ನನ್ನ ಕೈಮೇಲೇ ಇತ್ತು.

ಕ್ಷಯಕ್ಕೆ ಕೊಡುತ್ತಿದ್ದ ಇಂಜೆಕ್ಷನ್ ಹಿಡಿದು, ಕಾಲಿಗೆ ಮೆಲ್ಲಗೆ ಸ್ವಾಧೀನ ಮರಳುತ್ತಿತ್ತು. ತರಬೇತಿ ಮುಗಿಸಿ ನಾನು ಬೊಂಬಾಯಿಗೆ ಮರಳುವ ವಾರದಲ್ಲಿ ಹುಡುಗಿ ಬಿದಿರಿನ ಎರಡು ಗಳುಗಳ ನಡುವೆ ನಿಲ್ಲುತ್ತಿದ್ದಳು. ನಾನು ಹಿಂದಿನಿಂದ ಅವಳ ಸೊಂಟ ಹಿಡಿದಿದ್ದೆ. "ಸ್ವಲ್ಪ ಕೈ ಬಿಡು" ಎಂದರು ಮೇಡಂ. ನನ್ನಿಂದಾಗಲಿಲ್ಲ. ಇನ್ನೊಮ್ಮೆ ಹೇಳಿದರು. ಎರಡು ಬೆರಳಿನಷ್ಟು ದೂರಕ್ಕೆ ಕೈ ಸರಿಸಿದೆ. ನಾಲ್ಕೈದು ಉಸಿರಿನಷ್ಟು ಹೊತ್ತು ಅವಳು ತಾನೇ ನಿಂತಳು. ಅವಳ ಮಂಡಿ ಕುಸಿಯುವ ಮೊದಲೇ ನಾನು ತಬ್ಬಿ ಹಿಡಿದುಕೊಂಡೆ.