ತಲೆಕೆಳಗಾದ ತಿಂಗಳು

ಅವಳು ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ವಯಸ್ಸು ಐವತ್ತೆರಡಾದರೂ ಮನೆಯಲ್ಲಿ ಇನ್ನೂ ಪುಟ್ಟಿ. ಹಾಗೆ ಕರೆಯಲು ಉಳಿದಿರುವವಳು ಅತ್ತೆಯೊಬ್ಬಳೇ, ಅಪ್ಪನ ತಂಗಿ. ಮೂವತ್ತು ವರ್ಷ ಅಂಟು, ದಾರ, ರಟ್ಟುಗಳ ನಡುವೆ ಕೂತು ಪುಟ್ಟಿಯ ಬೆರಳುಗಳು ಎಷ್ಟು ಪಳಗಿದ್ದವೆಂದರೆ, ಕಾಗದ ಮುಟ್ಟಿದರೆ ಸಾಕು, ಅದರ ವಯಸ್ಸು ಹೇಳಿಬಿಡುತ್ತಿದ್ದಳು. ಮನುಷ್ಯರ ವಿಷಯದಲ್ಲಿ ಅಷ್ಟು ಚುರುಕಿರಲಿಲ್ಲ, ಅದು ಬೇರೆ ಮಾತು.

ಅಪ್ಪ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಗುಮಾಸ್ತನಾಗಿದ್ದ. ಬೆಳಿಗ್ಗೆ ಹೋದವನೇ ಮುದ್ರೆಯೊಳಗೆ ಅಂದಿನ ತಾರೀಖು, ತಿಂಗಳುಗಳ ಪುಟ್ಟ ಅಚ್ಚುಗಳನ್ನು ಕೂರಿಸಬೇಕು. ಆಮೇಲೆ ಬಂದ ಟಪಾಲಿನ ಬೆನ್ನಿಗೆಲ್ಲ ಠಪಠಪ ಒತ್ತಬೇಕು. ಸಂಜೆ ಮನೆಗೆ ಬಂದರೆ ಮತ್ತೆ ಲಕೋಟೆಗಳೇ. ಬೇರೆಯವರು ಅಂಚೆಚೀಟಿ ಕಿತ್ತು ಕೂಡಿಸಿದರೆ ಅಪ್ಪ ಅವರನ್ನು ಕಟುಕರೆಂದು ಬೈಯುತ್ತಿದ್ದ. ಚೀಟಿ, ಮುದ್ರೆ, ವಿಳಾಸ ಎಲ್ಲವೂ ಇರುವ ಇಡೀ ಲಕೋಟೆಯೇ ಬೇಕು ಅವನಿಗೆ. ಹೆಂಡತಿ ತೀರಿಕೊಂಡಾಗ ಬಂದ ಸಂತಾಪದ ಕಾಗದಗಳನ್ನೂ ಓದುವ ಮೊದಲು ತಿರುಗಿಸಿ ಮುದ್ರೆ ನೋಡಿದ ಪುಣ್ಯಾತ್ಮ.

ಅವನು ಹೋಗಿ ಎರಡು ವರ್ಷವಾಗಿತ್ತು. ಆದರೂ ಅವನ ಕೋಣೆಯಿಂದ ಗೋಂದಿನ ವಾಸನೆ ಹೋಗಿರಲಿಲ್ಲ. ಬಾಗಿಲು ತೆಗೆದರೆ ಯಾರೋ ಈಗಷ್ಟೇ ಕುರ್ಚಿ ಬಿಟ್ಟು ಎದ್ದಂತೆ ಅನ್ನಿಸುತ್ತಿತ್ತು. ಪುಟ್ಟಿಗೆ ಆ ಕುರ್ಚಿ ಕಂಡರೆ ಭಯ. ಇಷ್ಟು ವಯಸ್ಸಾಗಿ ಇದೇನು ಹುಚ್ಚಾಟ ಎಂದು ತನ್ನನ್ನು ತಾನೇ ಬೈದುಕೊಂಡರೂ ಭಯವೇ. ಹನ್ನೆರಡು ಆಲ್ಬಂಗಳನ್ನು ಮಾರಿಬಿಟ್ಟರೆ ಅಪ್ಪನೂ ಹೊರಡುತ್ತಾನೆ ಎಂದು ಲೆಕ್ಕ ಹಾಕಿ ವ್ಯಾಪಾರಿಯನ್ನು ಕರೆಸಿದಳು.

ವ್ಯಾಪಾರಿಗೆ ಚಿಮಟ ಎಂದೇ ಹೆಸರು. ಲಕೋಟೆಯನ್ನು ಚಿಮಟದಲ್ಲಲ್ಲದೆ ಬೆರಳಲ್ಲಿ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ವಾರಕ್ಕೊಂದರಂತೆ ಹನ್ನೊಂದು ಆಲ್ಬಂ ಒಯ್ದ. ಅಪ್ಪ ಮಾತ್ರ ಹೊರಡಲಿಲ್ಲ. ಹನ್ನೆರಡನೆಯದರ ಕೊನೆಯ ಹಾಳೆ ತಿರುವಿದಾಗ ಚಿಮಟ ಅಲ್ಲಿದ್ದ ಲಕೋಟೆಯನ್ನು ಎತ್ತಿ ಬೆಳಕಿಗೆ ಹಿಡಿದ.

"ಅಮ್ಮಾ, ಇದನ್ನ ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ರಿ? ಹಿಂದ್ಗಡೆ ಮುದ್ರೆ ನೋಡಿ. ತಾರೀಖು ಸರಿಯಾಗಿದೆ, ತಿಂಗಳು ತಲೆಕೆಳಗು! ಬೆಳಿಗ್ಗೆ ಯಾರೋ ಮಹಾನುಭಾವ ನಿದ್ದೆಗಣ್ಣಲ್ಲಿ ಕೂರ್ಸಿದಾನೆ. ನಾಲ್ಕೈದು ಒತ್ತಿದ್ಮೇಲೆ ನೋಡಿ ಸರಿ ಮಾಡಿರ್ತಾನೆ."

ಆ ಮಹಾನುಭಾವ ಯಾರೆಂದು ಪುಟ್ಟಿಗೆ ಹೇಳಬೇಕಾಗಿರಲಿಲ್ಲ.

"ಇನ್ನೂ ದೊಡ್ಡ ವಿಷಯ ಏನು ಗೊತ್ತಾ? ಮುದ್ರೆ ಬಿದ್ದಿರೋದು ಅರ್ಧ ಮುಚ್ಚಳದ ಮೇಲೆ, ಅರ್ಧ ಕೆಳಗೆ. ಒಡೆದಿದ್ರೆ ಎರಡು ಹೋಳಾಗ್ತಿತ್ತು. ಇದನ್ನ ಯಾರೂ ಒಡೆದೇ ಇಲ್ಲ. ಒಳಗೆ ಕಾಗದ ಹಾಗೇ ಇದೆ."

"ಯಾರಿಗೆ ಬಂದಿದ್ದು?"

ಚಿಮಟ ಲಕೋಟೆಯನ್ನು ತಿರುಗಿಸಿದ. ವಿಳಾಸ ಇದೇ ಮನೆಯದು. ಹೆಸರು ಅತ್ತೆಯದು. ನಲವತ್ತಾರು ವರ್ಷದ ಹಿಂದಿನದು. ಲಕೋಟೆ ಎದ್ದ ಜಾಗದಲ್ಲಿ ಒಂದು ಚೀಟಿ ಇತ್ತು. ಅಪ್ಪನ ದುಂಡಗಿನ ಅಕ್ಷರದಲ್ಲಿ ಎರಡೇ ಮಾತು: "ನಾಳೆ ಕೊಡಬೇಕು."

"ಇದು ಇರ್ಲಿ," ಎಂದಳು ಪುಟ್ಟಿ. "ಆಮೇಲೆ ಫೋನ್ ಮಾಡ್ತೀನಿ."

"ಇಟ್ಕೊಳ್ಳಿ, ಆದ್ರೆ ದಯವಿಟ್ಟು ಒಡೀಬೇಡಿ ಅಮ್ಮಾ," ಎಂದು ಚಿಮಟ ಬಾಗಿಲಲ್ಲಿ ನಿಂತು ಮೂರು ಸಲ ಹೇಳಿ ಹೋದ.

ಅತ್ತೆಯ ಕಥೆ ಪುಟ್ಟಿಗೆ ಬಾಯಿಪಾಠವಾಗಿತ್ತು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅತ್ತೆ ನರ್ಸಿಂಗ್ ಕಲಿಯಲು ಹೋಗಿದ್ದಳು. ಹಾಸ್ಟೆಲಿನಲ್ಲಿ ಕೈಗಡಿಯಾರ ಕಳೆದುಹೋಯಿತೆಂದು ಕೋಣೆಯ ಗೆಳತಿಯನ್ನು ಎಲ್ಲರೆದುರು ಕಳ್ಳಿ ಎಂದಳು. ಮರುದಿನ ಗಡಿಯಾರ ತನ್ನದೇ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಮುಖ ತೋರಿಸಲಾರದೆ ಮನೆಗೆ ಓಡಿಬಂದು, ತಪ್ಪಾಯಿತೆಂದು ಕಾಗದ ಬರೆದಳು. ಉತ್ತರ ಬರಲಿಲ್ಲ. ಕ್ಷಮಿಸಲಿಲ್ಲ ಎಂದುಕೊಂಡಳು. ಮತ್ತೆ ಓದಲು ಹೋಗಲೇ ಇಲ್ಲ. ಆವತ್ತಿನಿಂದ ಇವತ್ತಿನವರೆಗೆ, ಅಂಚೆಯವನು ಬರುವ ಹೊತ್ತಿಗೆ, ಮಧ್ಯಾಹ್ನ ಮೂರಕ್ಕೆ ತಲೆ ಬಾಚಿಕೊಂಡು ಹೊರಬಾಗಿಲಲ್ಲಿ ಕೂರುತ್ತಾಳೆ. ಎದುರು ಸಿಕ್ಕವರನ್ನು ಕೇಳುತ್ತಾಳೆ: "ನಂಗೇನಾದ್ರೂ ಬಂತಾ?"

ಮಾರನೆಯ ಬೆಳಿಗ್ಗೆ ಪುಟ್ಟಿ ಒಲೆಯ ಮೇಲೆ ನೀರಿಟ್ಟಳು. ಹಳೆಯ ಅಂಟು ಹಬೆಗೆ ಬಿಡುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿ, ಓದಿ, ಮತ್ತೆ ಅಂಟಿಸಿದರೆ ದೇವರಿಗೂ ತಿಳಿಯುವುದಿಲ್ಲ. ಅತ್ತೆಗೆ ಕಾಗದ, ಚಿಮಟನಿಗೆ ಲಕೋಟೆ. ಹಬೆ ಏಳತೊಡಗಿತು. ಲಕೋಟೆಯನ್ನು ಒಡ್ಡಿ, ಮುದ್ರೆಗೆ ತೇವ ತಾಗದಂತೆ ಮಣಿಕಟ್ಟನ್ನು ಸ್ವಲ್ಪ ಹೊರಳಿಸಿದಳು. ಆ ಹೊರಳಿಕೆ ಅವಳದಲ್ಲ. ದೀಪದ ಕೆಳಗೆ ಲಕೋಟೆ ಹಿಡಿದು ಅಪ್ಪ ಹಾಗೇ ಹೊರಳಿಸುತ್ತಿದ್ದ. ಪಕ್ಕದ ಕೋಣೆಯಲ್ಲಿ ಕುರ್ಚಿ ಕಿರ್ ಎಂದಿತು, ಅಥವಾ ಎಂದಂತಾಯಿತು. ನಾನೂ ಈ ಹಾಳು ಮುದ್ರೆಯನ್ನೇ ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ಹೊಳೆಯಿತು. ಒಲೆ ಆರಿಸಿದಳು.

ಮೂರು ಗಂಟೆಗೆ ಅತ್ತೆ ಬಾಗಿಲಲ್ಲಿದ್ದಳು. "ಪುಟ್ಟೀ, ನಂಗೇನಾದ್ರೂ ಬಂತಾ?"

"ಬಂತು ಅತ್ತೆ."

ಅತ್ತೆ ಅವಳ ಕೈಯಿಂದ ಅದನ್ನು ತೆಗೆದುಕೊಂಡಳು. ಲಕೋಟೆಯನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ನೋಡಿದಳು. ಮುಚ್ಚಳದ ಸಂದಿಗೆ ಬೆರಳು ತೂರಿಸಿ ಒಂದೇ ಏಟಿಗೆ ಪರ್ರನೆ ಹರಿದಳು. ಮುದ್ರೆ ಎರಡು ಹೋಳಾಯಿತು. ಒಳಗಿನ ಕಾಗದ ತೆಗೆದು ಓದಲು ಪುಟ್ಟಿಗೇ ಕೊಟ್ಟಳು.

"ಗಡಿಯಾರ ಸಿಕ್ಕಿತಲ್ಲ, ಬಿಡು. ನಿನ್ನ ಮಂಚ ಯಾರಿಗೂ ಕೊಡಬೇಡಿ ಅಂತ ವಾರ್ಡನ್‌ಗೆ ಹೇಳಿದ್ದೇನೆ. ತಿಂಗಳ ಕೊನೆಯವರೆಗೆ ಇಡುತ್ತಾರಂತೆ. ಬೇಗ ಬಾ. ಖಾಲಿ ಮಂಚ ನೋಡಿಕೊಂಡು ನನಗೆ ನಿದ್ದೆ ಬರುವುದಿಲ್ಲ."

"ಎಲ್ಲಿತ್ತು ಇದು?"

"ಅಪ್ಪನ ಆಲ್ಬಂನಲ್ಲಿ."

ಅತ್ತೆ ಅಣ್ಣನ ಕೋಣೆಯ ಬಾಗಿಲ ಕಡೆ ತಿರುಗಿದಳು. "ದಿನಾ ಸಾಯಂಕಾಲ ಚಹಾ ಕೊಡ್ತಾ ಅವನನ್ನ ಕೇಳ್ತಿದ್ದೆ ಪುಟ್ಟಿ. ನನ್ನ ಮುಖ ನೋಡ್ಕೊಂಡೇ ಇಲ್ಲ ಅಂತಿದ್ದ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಗದ ತಗೋ, ಉತ್ತರ ಬರಿ. ಅಣ್ಣನ ಸುದ್ದಿ ಎತ್ಬೇಡ. ಎಲ್ಲೋ ಕಳೆದುಹೋಗಿತ್ತು, ಈಗ ಸಿಕ್ತು ಅಂತ ಬರಿ. ನಾನಿನ್ನೂ ಬರ್ತೀನಿ ಅಂತ ಬರಿ."

ಲಕೋಟೆಯ ಮೂಲೆಯಲ್ಲಿದ್ದ ಗೆಳತಿಯ ಮನೆಯ ವಿಳಾಸಕ್ಕೆ ಕಾಗದ ಹೋಯಿತು. ಆ ಮೂರು ವಾರ ಅತ್ತೆಯನ್ನು ನೋಡಬೇಕಿತ್ತು. ಹೊಸ ಚಪ್ಪಲಿ ಕೊಂಡಳು. ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಹರಿದ ಲಕೋಟೆ ದಿಂಬಿನ ಕೆಳಗೆ. ಮೂರಕ್ಕೆ ಬದಲು ಎರಡೂವರೆಗೇ ಬಾಗಿಲಲ್ಲಿ ಹಾಜರು.

ಇಪ್ಪತ್ತೆರಡನೆಯ ದಿನ ಅಂಚೆಯವನು ಬೆಳಿಗ್ಗೆಯೇ ಬಂದ. ಅತ್ತೆ ಸ್ನಾನಕ್ಕೆ ಹೋಗಿದ್ದಳು. ಅವನು ಕೊಟ್ಟದ್ದು ಪುಟ್ಟಿಯೇ ಬರೆದ ಲಕೋಟೆ. ವಿಳಾಸದ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಕೆಂಪು ಶಾಯಿ: "ವಿಳಾಸದಾರರು ತೀರಿಕೊಂಡಿದ್ದಾರೆ. ಕಳಿಸಿದವರಿಗೆ ವಾಪಸ್ಸು."

ಅವಳು ಅದನ್ನು ಏಪ್ರನ್ನಿನ ಜೇಬಿಗೆ ಸೇರಿಸಿ ಕೆಲಸಕ್ಕೆ ಕೂತಳು. ಊಟವಾದ ಮೇಲೆ ಹೇಳೋಣ ಎಂದುಕೊಂಡಳು. ಊಟವಾಯಿತು. ಅತ್ತೆ ತಲೆ ಬಾಚಿಕೊಂಡು, ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದು ಕೂತಳು.

"ಪುಟ್ಟೀ, ನಂಗೇನಾದ್ರೂ ಬಂತಾ?"

ಪುಟ್ಟಿ ಅವಳ ಮುಖವನ್ನೇ ನೋಡಿದಳು. "ಇಲ್ಲ ಅತ್ತೆ."

ದನಿ ತನ್ನದೇ. ಎಳೆದ ರೀತಿ ಮಾತ್ರ ಅಪ್ಪನದು. ಅತ್ತೆಯೂ ಅದನ್ನು ಕೇಳಿಸಿಕೊಂಡಳೇನೋ, ಒಮ್ಮೆ ಕತ್ತೆತ್ತಿ ನೋಡಿ ಮತ್ತೆ ಬೀದಿಯ ಕಡೆ ತಿರುಗಿದಳು.

ಪುಟ್ಟಿ ಒಳಗೆ ಹೋಗಿ ಚಿಮಟನಿಗೆ ಫೋನ್ ಮಾಡಿ, ಹನ್ನೆರಡನೆಯ ಆಲ್ಬಂ ಮಾರುವುದಿಲ್ಲ ಎಂದಳು. ಆಮೇಲೆ ಅಪ್ಪನ ಕೋಣೆಗೆ ಹೋದಳು. ಆಲ್ಬಂನ ಕೊನೆಯ ಹಾಳೆಯಲ್ಲಿ ಜಾಗ ಖಾಲಿಯಿತ್ತು, ಅಪ್ಪನ ಚೀಟಿ ಅಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ. ಅದರ ಮೇಲೆಯೇ ವಾಪಸ್ಸು ಬಂದ ಲಕೋಟೆಯನ್ನು ನೇರವಾಗಿ ಕೂರಿಸಿದಳು. ಆಗಲೇ ಗೊತ್ತಾದದ್ದು, ತಾನು ಅಪ್ಪನ ಕುರ್ಚಿಯಲ್ಲಿ ಕೂತಿದ್ದೇನೆಂದು. ಒಂದಿಷ್ಟೂ ಭಯವಾಗಲಿಲ್ಲ.